ಪರದೆ ಸಾಹೇಬರ ಎದುರುಮನೆ

ಬೇರೆ ಬೀದಿಗಳಲ್ಲಿ ಬೆಳಗಾದರೆ ಒಗ್ಗರಣೆ ವಾಸನೆ ಬರುತ್ತದೆ. ಮಳವಳ್ಳಿಯ ನಮ್ಮ ಕೋಟೆ ಬೀದಿಯಲ್ಲಿ ಬರುತ್ತಿದ್ದದ್ದು ಹೊಟ್ಟೆ ಉರಿಯುವ ವಾಸನೆ. ನಾಲ್ಕು ಜನ ಕಲಾವಿದರನ್ನು ಒಂದೇ ಬೀದಿಯಲ್ಲಿ ಇಟ್ಟರೆ ಅಲ್ಲಿ ವಾರಕ್ಕೊಂದು ಪ್ರಸಂಗ ನಡೆಯದೆ ಇರುವುದಿಲ್ಲ. ನಮ್ಮಲ್ಲಿ ನಾಲ್ಕಲ್ಲ, ಹದಿನಾಲ್ಕು ಜನ ಇದ್ದರು.

ಬೀದಿ ಹಳೆಯದು. ಒಂದು ತುದಿಯಲ್ಲಿ ಕೋಟೆಯದೆಂದು ಹೇಳುವ ಮೊಂಡು ಗೋಡೆ, ಅದರ ಪಕ್ಕದಲ್ಲಿ ಐದಾರು ಮುಸಲ್ಮಾನರ ಮನೆ. ಸುಲ್ತಾನರ ಕಾಲದಲ್ಲಿ ಬಿಜಾಪುರದ ಕಡೆಯಿಂದ ಬಂದು, ಅರಮನೆ ಗೋಡೆಗಳಿಗೆ ಬಣ್ಣ ಹಾಕಿದವರ ವಂಶವಂತೆ. ಮನೆಯೊಳಗೆ ಉರ್ದು, ಬೀದಿಯಲ್ಲಿ ಕನ್ನಡ. ಅವರ ಬಾಗಿಲುಗಳಿಗೆಲ್ಲ ಗಿಣಿಹಸಿರು ಬಣ್ಣ, ಅದರ ಮೇಲೆ ಬಿಳಿ ಬಳ್ಳಿ. ಆಮೇಲೆ ನಾಗಸ್ವರದವರು ಬಂದರು, ಹಾರ್ಮೋನಿಯಂನವರು ಬಂದರು, ನಾಟಕದಲ್ಲಿ ರಾಜಪಾರ್ಟು ಮಾಡುವವರೊಬ್ಬರು ಬಂದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ, ಊರಿನ ಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ನಾನು ಬಂದೆ. ಬಂದವನಿಗೆ ಬಾಡಿಗೆಗೆ ಸಿಕ್ಕಿದ್ದು ಪರದೆ ಸಾಹೇಬರ ಎದುರುಮನೆ. ನನ್ನ ಗ್ರಹಚಾರ ಅಲ್ಲಿಂದ ಶುರು.

ಪರದೆ ಸಾಹೇಬರು ಎಂದರೆ ನಾಟಕದ ಪರದೆ ಬರೆಯುವವರು. ಮದ್ದೂರು, ಮಂಡ್ಯ, ಚನ್ನಪಟ್ಟಣದ ತನಕ ಯಾರೇ ನಾಟಕ ಕಟ್ಟಿದರೂ ಕಾಡು, ದರ್ಬಾರು, ಬೀದಿಯ ಪರದೆಗಳಿಗೆ ಇವರ ಹತ್ತಿರವೇ ಬರುತ್ತಿದ್ದರು. ನಾನು ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟನ್ನು ಕನ್ನಡಿ ಹಾಕಿಸಿ ಗೋಡೆಗೆ ನೇತುಹಾಕಿದವನು. ಆ ಸರ್ಟಿಫಿಕೇಟನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಎದುರುಮನೆ ಜಗಲಿಯಲ್ಲಿ ಮಾತ್ರ ದಿನವೂ ಜನ. ಅವರು ಕೆಟ್ಟ ಮನುಷ್ಯರಾಗಿದ್ದರೂ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ತುಂಬ ಒಳ್ಳೆಯವರು. ಅದನ್ನೇ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ನಾಯಿಯ ತೀರ್ಪು

ನಾನು ಬಂದ ಹೊಸತರಲ್ಲಿ ಸಾಹೇಬರು ಒಂದು ಕಾಡಿನ ಪರದೆ ಬರೆದು, ಒಣಗಲಿ ಎಂದು ಜಗಲಿಗೆ ಇಳಿಬಿಟ್ಟಿದ್ದರು. ಅದರಲ್ಲೊಂದು ಕರಡಿ. ಬೀದಿಯಲ್ಲಿ ಹೋಗುತ್ತಿದ್ದ ಒಂದು ಕೆಂದ ನಾಯಿ ಆ ಕರಡಿಯನ್ನು ನೋಡಿ ನಿಂತಿತು, ಕಿವಿ ನಿಮಿರಿಸಿತು, ಬೊಗಳಲು ಶುರು ಮಾಡಿತು. ಒಂದು ಗಳಿಗೆ ಬೊಗಳಿ ಸುಮ್ಮನಾಗಿದ್ದರೆ ಸರಿ. ಅದು ಇಡೀ ಬೀದಿಯನ್ನು ಮನೆಯಿಂದ ಹೊರಗೆ ಎಳೆದು ತರುವ ತನಕ ಬೊಗಳಿತು.

"ಸಾಹೇಬರ ಕೈ ಅಂದ್ರೆ ಏನಂದ್ಕಂಡ್ರಿ! ನಾಯಿನೇ ಮೋಸ ಓಯ್ತು!" ಎಂದು ಹಾಲಿನವಳು ಕೈ ಮುಗಿದಳು. ಅವಳು ನಮ್ಮ ಮನೆಗೂ ಹಾಲು ಹಾಕುವವಳು. ನನ್ನ ಸರ್ಟಿಫಿಕೇಟಿನ ಕೆಳಗೇ ನಿಂತು ದಿನಾ ಹಾಲು ಅಳೆಯುತ್ತಿದ್ದಳು. ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಎಂಟು ದಿನ ಸ್ಕೂಲಿಂದ ಬಂದವನು ಊಟಕ್ಕೂ ಕೂರದೆ ನಮ್ಮ ಮನೆಯ ಹೊರಗೋಡೆಗೆ ಸುಣ್ಣ ಹೊಡೆದು ಒಂದು ಕರಡಿ ಬರೆದೆ. ಒಂದೊಂದು ಕೂದಲೂ ಕಾಣಬೇಕು, ಹಾಗೆ. ಕರಡಿ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಪಕ್ಕದಲ್ಲಿ ಒಂದು ಮರ. ಭಾನುವಾರ ಬೆಳಿಗ್ಗೆ, ಬೀದಿಯವರೆಲ್ಲ ಜಗಲಿಯಲ್ಲಿ ಕೂತಿರುವ ಹೊತ್ತು ನೋಡಿಕೊಂಡು, ಅದೇ ಕೆಂದ ನಾಯಿಗೆ ರೊಟ್ಟಿ ಚೂರು ತೋರಿಸಿಕೊಂಡು ಕರೆತಂದೆ.

ನಾಯಿ ಬಂತು. ಕರಡಿಯನ್ನು ನೋಡಿತು. ಆಕಳಿಸಿತು. ಆಮೇಲೆ ನಿಧಾನವಾಗಿ ಮರದ ಹತ್ತಿರ ಹೋಗಿ, ಮೂಸಿ, ಹಿಂಗಾಲು ಎತ್ತಿತು.

ಇಡೀ ಬೀದಿ ನಕ್ಕಿತು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ನಗದೆ ಇದ್ದವರು ಸಾಹೇಬರೊಬ್ಬರೇ. ಬೀದಿ ದಾಟಿ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದರು:

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನನ್ನ ಕರಡಿ ನೋಡಿ ನಾಯಿಗೆ ಅನುಮಾನ ಬಂತು, ಅದಕ್ಕೇ ಬೊಗಳ್ತು. ನಿಮ್ಮ ಮರದ ಮೇಲೆ ಅದಕ್ಕೆ ಅನುಮಾನಾನೇ ಬರ್ಲಿಲ್ಲ."

ಯಾರು ಮೊದಲು ಇಳಿಯುವುದು

ಹೊಟ್ಟೆಕಿಚ್ಚು ನನಗೊಬ್ಬನಿಗೇ ಇತ್ತೆಂದು ತಿಳಿಯಬೇಡಿ. ನಾಗಸ್ವರದ ವಿದ್ವಾಂಸರಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಮಧ್ಯೆ ಇದ್ದದ್ದು ಒಂದೇ ಗೋಡೆ. ಇವರು ಪೆಟ್ಟಿಗೆ ತೆಗೆದರೆ ಅವರು ಪೀಪಿ ಸರಿಮಾಡಿಕೊಳ್ಳುತ್ತಿದ್ದರು. ಒಬ್ಬರನ್ನು ಹೊಗಳಿದರೆ ಇನ್ನೊಬ್ಬರಿಗೆ ಅಂದು ಜ್ವರ.

ಪೂರಿಗಾಲಿಯ ಗೌಡರೊಬ್ಬರು ಈ ವಿಷಯ ತಿಳಿಯದೆ ಮಗಳ ಮದುವೆಗೆ ಇಬ್ಬರಿಗೂ ಹೇಳಿಬಿಟ್ಟರು. ಚಪ್ಪರದ ಬಾಗಿಲಿಗೆ ಬಣ್ಣದ ಬೋರ್ಡು ಬರೆಯಲು ನನಗೂ ಹೇಳಿದ್ದರು. ಸಾಹೇಬರಿಗೆ ಬಿಡುವಿರಲಿಲ್ಲ, ಅದಕ್ಕೆ ನನಗೆ. ಅದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತೆಂದರೆ ಗೌಡರೇ ಹೇಳಿದರು.

ಮೂವರಿಗೂ ಒಂದೇ ಕಮಾನು ಗಾಡಿ ಕಳಿಸಿದ್ದರು. ಮುಂದಿನ ಜಾಗ ಯಾರಿಗೆ ಎಂದು ಕೋಟೆ ಗೋಡೆಯ ಹತ್ತಿರವೇ ಶುರುವಾಯಿತು. ಕೊನೆಗೆ ಇಬ್ಬರನ್ನೂ ಒಬ್ಬರಿಗೊಬ್ಬರು ಬೆನ್ನು ಮಾಡಿಸಿ ಕೂರಿಸಿ, ನಡುವೆ ನಾನು ಬಣ್ಣದ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಒಬ್ಬರು ಬರುವ ದಾರಿಯನ್ನು ನೋಡಿದರು, ಇನ್ನೊಬ್ಬರು ಹೋದ ದಾರಿಯನ್ನು.

ಊರ ಬಾಗಿಲಲ್ಲಿ ಗೌಡರ ಕಡೆಯವರು ಒಂದು ದೊಡ್ಡ ಸೇವಂತಿಗೆ ಹಾರ ಹಿಡಿದು ನಿಂತಿದ್ದರು. ಹಾರ ಒಂದೇ. ಅದನ್ನು ಇಬ್ಬರೂ ಒಟ್ಟಿಗೇ ನೋಡಿದರು.

"ನೀವು ಇಳೀರಿ" ಎಂದರು ವಿದ್ವಾಂಸರು. ದೊಡ್ಡವರು ಕೊನೆಗೆ ಇಳಿಯಬೇಕು ಎನ್ನುವುದು ಅವರ ಲೆಕ್ಕ.

"ಉಂಟೇ? ನೀವೇ ಮೊದಲು" ಎಂದರು ಹಾರ್ಮೋನಿಯಂ ಮೇಷ್ಟ್ರು. ಅವರ ಲೆಕ್ಕವೂ ಅದೇ.

ಅರ್ಧ ಗಂಟೆ ಆಯಿತು. ನಾನು ನಡುವೆ ಸಿಕ್ಕಿಕೊಂಡಿದ್ದೆ. ನಾನಾದರೂ ಇಳಿದು ಆ ಹಾರಕ್ಕೆ ಕೊರಳು ಕೊಡೋಣವೆಂದು ಆಸೆ, ದಾರಿ ಇಲ್ಲ. ಹಾರ ಹಿಡಿದಿದ್ದ ಮುದುಕರಿಗೆ ಸಾಕಾಗಿಹೋಯಿತು. ಮುಹೂರ್ತದ ಗಡಿಬಿಡಿ ಬೇರೆ. "ಅಯ್ಯೋ ಅತ್ಲಾಗೆ!" ಎಂದವರೇ ಹಾರವನ್ನು ಎಡಗಡೆಯ ಎತ್ತಿನ ಕೊರಳಿಗೆ ಹಾಕಿ ಹೊರಟೇಹೋದರು.

ವಾಪಸು ಬರುವಾಗ ಗಾಡಿ ಒಂದೇ ಕಡೆ ಎಳೆಯುತ್ತಿತ್ತು. ಏನಾಯಿತಪ್ಪಾ ಎಂದು ಕೇಳಿದರೆ ಗಾಡಿಯವನು ನಮ್ಮ ಕಡೆ ತಿರುಗಿ ಗದರಿದ:

"ಏನಾಯ್ತು ಅಂತ ಕೇಳ್ತೀರಾ? ಬಲಗಡೆ ಎತ್ತು ಬೆಳಗಿಂದ ಮೊಖ ಊದಿಸ್ಕಂಡು ಹುಲ್ಲೂ ಮುಟ್ಟಿಲ್ಲ ಕಣ್ರಪ್ಪ. ನಿಮ್ ಸವಾಸ ಬ್ಯಾಡ!"

ಮೂಗು ಯಾರದು

ಒಂದು ಸಲ ಸಾಹೇಬರು ಬರೆದ ದರ್ಬಾರಿನ ಪರದೆಯಲ್ಲಿ ರಾಣಿಯೊಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಳು. ತುಂಬ ಲಕ್ಷಣವಾಗಿದ್ದಳು, ಒಪ್ಪಿಕೊಳ್ಳಬೇಕು. ಬೀದಿಯ ಹೆಂಗಸರೆಲ್ಲ ಹೋಗಿ ನೋಡಿ ಬಂದರು. ಅವತ್ತಿನಿಂದ ಒಬ್ಬರೂ ಇನ್ನೊಬ್ಬರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆ ರಾಣಿಯ ಮುಖ ತನ್ನದೇ ಎಂದು ಪ್ರತಿಯೊಬ್ಬರ ನಂಬಿಕೆ.

ರಾಜಪಾರ್ಟಿನವರ ಹೆಂಡತಿ ನೇರವಾಗಿ ಕೇಳಿಯೇಬಿಟ್ಟರು. ಸಾಹೇಬರು ಜಾಣರು. ಕಣ್ಣು ನಿಮ್ಮದೇ ತಾಯಿ ಎಂದರು. ಹಾರ್ಮೋನಿಯಂ ಮೇಷ್ಟ್ರ ಹೆಂಡತಿ ಹೋಗಿ ಕೇಳಿದಾಗ, ಹುಬ್ಬು ನಿಮ್ಮದು ಎಂದರು. ನನ್ನವಳು ಉಪ್ಪು ತರುವ ನೆವ ಹೇಳಿ ಅವರ ಮನೆಗೆ ಹೋಗಿ ಬಂದವಳು ಮಧ್ಯಾಹ್ನವೆಲ್ಲ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು.

"ಏನಂತೆ?" ಎಂದೆ.

"ಮೂಗು ನಂದಂತೆ ಕಣ್ರೀ" ಎಂದಳು. ಹೇಳಿ ಮೂಗನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

ನನಗೆ ಎದೆಯಲ್ಲಿ ಕೆಂಡ ಇಟ್ಟಂತಾಯಿತು. ಮದುವೆಯಾಗಿ ಹನ್ನೆರಡು ವರ್ಷ. ಹೂಜಿ ಬರೆದಿದ್ದೇನೆ, ಬಾಳೆಹಣ್ಣು ಬರೆದಿದ್ದೇನೆ, ಸ್ಕೂಲಿನ ಗಂಟೆ ಬರೆದಿದ್ದೇನೆ. ಇವಳ ಮೂಗನ್ನು ಒಮ್ಮೆಯೂ ಬರೆದಿಲ್ಲ. ಅದನ್ನು ಎದುರುಮನೆಯವರು ನೋಡಿ ಬರೆದರು!

"ಕೂತ್ಕೋ ಇಲ್ಲಿ" ಎಂದೆ.

"ಒಲೆ ಮೇಲೆ ಹುಳಿ ಇದೆ."

"ಹುಳಿ ಹಾಳಾಗ್ಲಿ. ಕೂತ್ಕೋ."

ಪಾಪ, ಕೂತಳು. ಹೊಸ ಸೀರೆ ಉಟ್ಟು, ಹೂ ಮುಡಿದು, ಅಲ್ಲಾಡದೆ ನಾಲ್ಕು ದಿನ ಸಂಜೆ ಕೂತಳು. ಐದನೆಯ ದಿನ ಚಿತ್ರ ತಿರುಗಿಸಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಹತ್ತಿರದಿಂದ ನೋಡಿದಳು, ದೂರ ಹೋಗಿ ನೋಡಿದಳು.

"ಚೆನ್ನಾಗಿದೆ ಕಣ್ರೀ," ಎಂದಳು ಕೊನೆಗೆ, ನನ್ನ ಮನಸ್ಸು ನೋಯಬಾರದೆಂದು ಮೆತ್ತಗೆ. "ಮದ್ದೂರಿನ ನಿಮ್ಮ ಅಕ್ಕನ ಥರಾನೇ ಬಂದಿದೆ."

ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಮದ್ದೂರಿನಿಂದ ಅಕ್ಕನೇ ಬಂದಳು. ಇರಲಿ, ಅಕ್ಕನಾದರೂ ತನ್ನ ಚಿತ್ರವೆಂದು ಸಂತೋಷಪಡಲಿ ಎಂದು ಅವಳ ಮುಂದಿಟ್ಟೆ. ಅಕ್ಕ ಚಿತ್ರವನ್ನು ಕೈಗೆ ತೆಗೆದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು. ನನ್ನ ಕಲೆ ಕೊನೆಗೂ ಒಬ್ಬರ ಮನಸ್ಸನ್ನು ಮುಟ್ಟಿತಲ್ಲ ಎಂದು ಹೆಂಡತಿಯ ಕಡೆ ತಿರುಗಿ ನೋಡಿದೆ.

"ನಮ್ಮಪ್ಪನ್ನ ಇಷ್ಟು ಚೆನ್ನಾಗಿ ಬರ್ದಿದ್ದೀಯಲ್ಲೋ," ಎಂದಳು ಅಕ್ಕ ಕಣ್ಣೊರೆಸಿಕೊಳ್ಳುತ್ತಾ. "ಆದ್ರೆ ಸೀರೆ ಯಾಕೋ ಉಡ್ಸಿದೀಯ?"

ಅಳಿಸದ ಹುಲಿ

ಬಾಬಯ್ಯನ ಹಬ್ಬ, ಎಂದರೆ ಮೊಹರಂ, ಬಂದರೆ ನಮ್ಮ ಬೀದಿಯಲ್ಲಿ ಹುಲಿವೇಷದ ಸಂಭ್ರಮ. ಅದಕ್ಕೆ ಜಾತಿ ಇಲ್ಲ. ಹರಕೆ ಹೊತ್ತ ಗೌಡರ ಹೈದರೂ ಸಾಹೇಬರ ಮಕ್ಕಳೂ ಒಟ್ಟಿಗೇ ಮೈಗೆ ಹಳದಿ ಬಳಿಸಿಕೊಂಡು, ಕಪ್ಪು ಪಟ್ಟೆ ಎಳೆಸಿಕೊಂಡು, ತಮಟೆಗೆ ಕುಣಿಯುತ್ತಿದ್ದರು. ಬಣ್ಣ ಹಾಕುವವರು ಪರದೆ ಸಾಹೇಬರು. ಬೆಳಗಿನಿಂದಲೇ ಅವರ ಜಗಲಿಯ ಮುಂದೆ ಬರಿಮೈ ಗಂಡಸರ ಸಾಲು.

ಆ ಸಾಲು ನೋಡಿ ನೋಡಿ ನನಗೆ ತಡೆಯಲಿಲ್ಲ. ನಮ್ಮ ಜಗಲಿಯ ಮೇಲೂ ಒಂದು ಮಣೆ ಹಾಕಿ, ಬಣ್ಣ ಕಲಸಿಕೊಂಡು ಕೂತೆ. ಯಾರೂ ಬರಲಿಲ್ಲ. ಹನ್ನೊಂದು ಗಂಟೆಗೆ ಗರಡಿಮನೆಯ ಪೈಲ್ವಾನನೊಬ್ಬ ಸಾಲಿನಲ್ಲಿ ನಿಂತು ಬೇಸತ್ತು ನನ್ನ ಕಡೆ ತಿರುಗಿದ.

"ಮೇಷ್ಟ್ರೇ, ನೀವೂ ಆಕ್ತೀರಾ?"

"ಬಾರಪ್ಪಾ ಬಾ! ಅವರಿಗಿಂತ ಚೆನ್ನಾಗಿ ಹಾಕ್ತೀನಿ."

ಎದೆ, ಬೆನ್ನು, ಎರಡು ತೋಳು, ಕೊರಳು, ಕೆನ್ನೆ. ಒಂದೊಂದು ಪಟ್ಟೆಯನ್ನೂ ಅಳತೆ ಹಿಡಿದು ಎಳೆದೆ. ಸಾಹೇಬರ ಹುಲಿಗಳು ಮಧ್ಯಾಹ್ನದ ಬೆವರಿಗೆ ಕರಗಿ ಸಂಜೆ ಹೊತ್ತಿಗೆ ಕಾಮಾಲೆ ರೋಗಿಗಳ ಹಾಗೆ ಆದವು. ನನ್ನ ಹುಲಿ ಮಾತ್ರ ಫಳಫಳ ಹೊಳೆಯುತ್ತಿತ್ತು. "ಯಾರು ಬರ್ದೋರು?" ಎಂದು ನಾಲ್ಕು ಜನ ಕೇಳಿದರು. ನಾನು ಎಣಿಸಿಕೊಂಡಿದ್ದೇನೆ, ನಾಲ್ಕು ಜನ. ಅಂದು ನಾನು ಎರಡು ತುತ್ತು ಹೆಚ್ಚಾಗಿ ಉಂಡೆ.

ಮರುದಿನ ಬೆಳಿಗ್ಗೆ ಪೈಲ್ವಾನ ನಮ್ಮ ಬಾಗಿಲಲ್ಲಿ ನಿಂತಿದ್ದ. ಹುಲಿಯಾಗಿಯೇ.

"ಮೇಷ್ಟ್ರೇ, ಸೀಗೆಕಾಯಿ ಉಜ್ಜಿದೆ, ಬೂದಿ ಉಜ್ಜಿದೆ, ಇಟ್ಟಿಗೆ ಚೂರಲ್ಲಿ ಉಜ್ಜಿದೆ. ಚರ್ಮ ಬತ್ತದೆ, ಪಟ್ಟೆ ಬರಾಕಿಲ್ಲ. ಯಾವ ಬಣ್ಣ ಆಕುದ್ರಿ?"

ಆಗ ನನಗೆ ನೆನಪಾಯಿತು. ಸಾಹೇಬರು ಹಾಕುವುದು ನೀರಿನಲ್ಲಿ ಕಲಸಿದ ಬಣ್ಣ. ನಾನು ಹಾಕಿದ್ದು ಸ್ಕೂಲಿನ ಕಿಟಕಿ ಬಾಗಿಲಿಗೆಂದು ತಂದಿಟ್ಟಿದ್ದ ಎಣ್ಣೆ ಬಣ್ಣ. ಸೀಮೆಎಣ್ಣೆ ಹಚ್ಚಿ ಉಜ್ಜಬಹುದಾಗಿತ್ತು, ಆದರೆ ಯುದ್ಧದ ಕಾಲ. ದೀಪಕ್ಕೇ ಸೀಮೆಎಣ್ಣೆ ಇಲ್ಲ, ಹುಲಿಗೆ ಎಲ್ಲಿಂದ ತರುವುದು?

"ಅಂಗಲ್ಲ ಮೇಷ್ಟ್ರೇ," ಎಂದು ಅವನು ಅಳುವಂತಾದ, "ಸುಕ್ರವಾರ ಕೆ.ಎಂ. ದೊಡ್ಡಿ ಕಡೆ ಎಣ್ಣು ನೋಡಾಕೆ ಓಗ್ಬೇಕು."

ಶುಕ್ರವಾರ ಅವನು ತುಂಬು ತೋಳಿನ ಅಂಗಿ ಹಾಕಿಕೊಂಡು, ಕೊರಳಿಗೆ ಮಫ್ಲರು ಸುತ್ತಿಕೊಂಡು, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಹೊರಟ. ಕೆನ್ನೆಯ ಮೇಲಿನದನ್ನು ಮುಚ್ಚುವುದು ಹೇಗೆ? ಹಲ್ಲುನೋವೆಂದು ಹೇಳಿ ಕರವಸ್ತ್ರ ಕಟ್ಟಿಸಿದೆ. ಆ ಸಂಬಂಧ ಮುರಿದರೆ ಆ ಪಾಪ ನನ್ನ ತಲೆಗೆ, ಮತ್ತು ಅವನ ಕೈ ನನ್ನ ಕೊರಳಿಗೆ ಎಂದು ಸಂಜೆಯ ತನಕ ಕಾದೆ. ಅವನು ಬಂದ. ಕರವಸ್ತ್ರ ಇಲ್ಲ, ಮಫ್ಲರೂ ಇಲ್ಲ. ನಾನು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಒಳಗೇ ಬಂದುಬಿಟ್ಟ.

"ಎಲ್ಲಾ ಗೊತ್ತಾಗೋಯ್ತು ಮೇಷ್ಟ್ರೇ. ಪಾಯಸ ಕುಡಿಯೋವಾಗ ಬೆವ್ತು ಕರವಸ್ತ್ರ ಕಳಚಿಬುಡ್ತು."

"ಅಯ್ಯೋ! ಏನಂದ್ರು?"

"ಎಣ್ಣಿನ ಅಪ್ಪ ಎದ್ದು ನಿಂತ್ಕಂಡ. ಆದ್ರೆ ಎಣ್ಣೇ ಒಳಗಿಂದ ಕೂಗಿ ಏಳ್ತು, ನಂಗೆ ಇವ್ರೇ ಸರಿ ಅಂತ." ಅವನು ನಾಚಿಕೊಂಡ. ಹುಲಿ ನಾಚಿಕೊಂಡದ್ದನ್ನು ಜಗತ್ತಿನಲ್ಲಿ ನೋಡಿದವನು ನಾನೊಬ್ಬನೇ. "'ಬ್ಯಾರೆ ಗಂಡಸ್ರು ಮದ್ವೆ ಆದ್ಮ್ಯಾಕೆ ಉಲಿ ಆಯ್ತಾರೆ, ಇವ್ರು ಮೊದ್ಲೇ ತೋರ್ಸವ್ರಲ್ಲ' ಅಂದ್ಲಂತೆ."

ಪಂಚೆಗಳ ಇಂದ್ರಸಭೆ

ಯುದ್ಧ ಜೋರಾದ ಮೇಲೆ ಬಟ್ಟೆಗೂ ಕಂಟ್ರೋಲು ಬಂತು. ಉಡುವುದಕ್ಕೇ ಬಟ್ಟೆ ಸಿಗದಿದ್ದಾಗ ಪರದೆ ಯಾರು ಬರೆಸುತ್ತಾರೆ? ಎದುರುಮನೆ ಜಗಲಿ ಖಾಲಿಯಾಯಿತು. ನಿಜ ಹೇಳುತ್ತೇನೆ, ಮೊದಲ ತಿಂಗಳು ನನಗೆ ಹಾಯೆನಿಸಿತು. ಎರಡನೆಯ ತಿಂಗಳು ಸಾಹೇಬರು ಜಗಲಿಯ ಮೇಲೆ ಒಬ್ಬರೇ ಕೂತು ಒಣ ಕುಂಚವನ್ನು ಅಂಗೈ ಮೇಲೆ ಆಡಿಸುತ್ತಿರುವುದನ್ನು ನೋಡಿದೆ. ಮೂರನೆಯ ತಿಂಗಳು ಅವರೇ ಬಂದರು.

"ಮೇಷ್ಟ್ರೇ, ಮನೆ ಖಾಲಿ ಮಾಡ್ತಿದ್ದೀನಿ. ಮಂಡ್ಯದಲ್ಲಿ ಅಂಗಡಿ ಬೋರ್ಡು ಬರೆಯೋ ಕೆಲಸ ಇದೆಯಂತೆ. ನೂರೈವತ್ತು ವರ್ಷದ ಮೇಲೆ ನಮ್ಮೋರು ಈ ಬೀದಿ ಬಿಡೋ ಹಾಗಾಯ್ತು, ನೋಡಿ."

ನಾನು ಒಳಗೆ ಬಂದು ಹೆಂಡತಿಗೆ, "ಒಳ್ಳೇದೇ ಆಯ್ತು ಬಿಡು" ಎಂದೆ. ಊಟಕ್ಕೆ ಕೂತೆ. ಅನ್ನ ಕಲಸುತ್ತಲೇ ಇದ್ದೆ. ಮಂಡ್ಯದವರ ಮೇಲೆ ಹೊಟ್ಟೆ ಉರಿಯತೊಡಗಿತು. ಅವರಿಗೆ ಸಕ್ಕರೆ ಫ್ಯಾಕ್ಟರಿ ಇದೆ, ರೈಲಿದೆ, ಈಗ ನಮ್ಮ ಸಾಹೇಬರೂ ಬೇಕೇ?

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದವಳು ಹೇಳಿದಳು, "ರೀ, ಅವರು ಹೋದ್ಮೇಲೆ ನೀವು ಯಾರ ಮೇಲೆ ಹೊಟ್ಟೆ ಉರ್ಕೊಳ್ತೀರಿ? ನನ್ ಮೇಲೆ ಶುರು ಮಾಡ್ಕೋಬೇಡಿ, ಈಗ್ಲೇ ಹೇಳಿದೀನಿ." ಹಾಗೆಂದವಳು ಪೆಟ್ಟಿಗೆ ತೆಗೆದು ನನ್ನ ಎರಡು ಪಂಚೆ ಹೊರಗೆಳೆದಳು. "ಪರದೆಗೆ ಬಟ್ಟೆ ಇಲ್ಲ ತಾನೆ? ಇದನ್ನ ಹೊಲೀಲಿ."

ಎಲ್ಲರ ಪಂಚೆ ಸೇರಿಸಿ ಒಂದು ಇಂದ್ರಸಭೆಯ ಪರದೆ ಬರೆಸುವುದೆಂದು ಬೀದಿಯಲ್ಲೆಲ್ಲ ಹಬ್ಬಿತು. ಹಾರ್ಮೋನಿಯಂ ಮೇಷ್ಟ್ರು ಎರಡು ಪಂಚೆ ಕೊಟ್ಟರೆಂದು ಕೇಳಿ ವಿದ್ವಾಂಸರು ಮೂರು ಕೊಟ್ಟರು. ಮೂರು ಕೊಟ್ಟರೆಂದು ಕೇಳಿ ಇವರು ಉಟ್ಟಿದ್ದನ್ನೂ ಬಿಚ್ಚಿ ಕೊಟ್ಟರು. ರಾಜಪಾರ್ಟಿನವರು ತಮ್ಮ ಜರಿಯಂಚಿನ ಪಂಚೆ ಕೊಡುವಾಗ ಒಂದು ಕರಾರು ಹಾಕಿದರು: ಇಂದ್ರ ಕೂರುವುದು ಅದರ ಮೇಲೇ ಆಗಬೇಕು. ಸಾಹೇಬರ ಮನೆಯ ಹೆಂಗಸರು ಹತ್ತು ದಿನ ಕೂತು ಅಷ್ಟನ್ನೂ ಸೇರಿಸಿ ಹೊಲಿದರು. ಸಾಹೇಬರು ಮಂಡ್ಯದ ಮಾತು ಬಿಟ್ಟು ಕುಂಚ ನೆನೆಹಾಕಿದರು. ಕಣ್ಣಲ್ಲಿ ನೀರು ತುಂಬಿಕೊಂಡೇ ಬರೆದರು. ಅವರ ಜನ್ಮದಲ್ಲಿ ಅಂಥ ಇಂದ್ರಸಭೆಯನ್ನು ಬರೆದಿರಲಿಲ್ಲ. ಪಂಚೆಗಳ ಅಂಚೆಲ್ಲ ಕಂಬಗಳಾಗಿದ್ದವು, ಜರಿ ಸಿಂಹಾಸನವಾಗಿತ್ತು. ಆ ಒಂದು ಪರದೆ ಬೇಕೆಂದು ಸುತ್ತಿನ ಊರುಗಳಿಂದೆಲ್ಲ ಬಂದರು. ಸಾಹೇಬರು ಊರು ಬಿಡಲಿಲ್ಲ.

ಒಣಗಲೆಂದು ಕಟ್ಟಿದ ಮಧ್ಯಾಹ್ನ ಬೀದಿಯ ಗಂಡಸರೆಲ್ಲ ಅದರ ಮುಂದೆ ನಿಂತು ತಮ್ಮ ತಮ್ಮ ಪಂಚೆ ಹುಡುಕುತ್ತಿದ್ದರು. "ರಂಭೆ ಕುಣಿಯೋದು ನನ್ನ ಪಂಚೆ ಮೇಲೆ" ಎಂದು ವಿದ್ವಾಂಸರು. "ಐರಾವತ ಪೂರ್ತಿ ನಂದು" ಎಂದು ಹಾರ್ಮೋನಿಯಂ ಮೇಷ್ಟ್ರು. ನನ್ನದು ಎಲ್ಲಿತ್ತೆಂದರೆ, ದ್ವಾರಪಾಲಕನ ಪಾದದ ಹತ್ತಿರ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹಾಲಿನವಳು ತಲೆಯ ಮೇಲಿನ ಬಿಂದಿಗೆ ಇಳಿಸಿ, ಪರದೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಮ್ಮನ್ನೂ ಮೇಲಿಂದ ಕೆಳಗೆ ನೋಡಿದಳು.

"ಇಂದ್ರನ ಸಭೆ ಬೋ ಚೆಂದಾಗದೆ ಕಣ್ರಪ್ಪ. ದೇವ್ರುಗಳಿಗೆಲ್ಲ ವಸ್ತ್ರ ಆಯ್ತು. ನೀವ್ಯಾಕೆ ಎಲ್ರೂವೆ ಬರೀ ಟವಲ್ ಸುತ್ಕಂಡು ನಿಂತಿದೀರಿ?"

ಎರಡು ಅರ್ಧ ಆನೆ

ಸ್ವಾತಂತ್ರ್ಯ ಬಂದ ವರ್ಷ ಊರಿನಲ್ಲಿ ಮೆರವಣಿಗೆ ಮಾಡಬೇಕೆಂದು ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದರು. ಮೆರವಣಿಗೆಯ ಮುಂದೆ ಬಿದಿರು ದಬ್ಬೆ, ಕಾಗದದಲ್ಲಿ ಮಾಡಿದ ಒಂದು ದೊಡ್ಡ ಆನೆ, ಅದರ ಬೆನ್ನ ಮೇಲೆ ಬಾವುಟ. ಆನೆ ಯಾರು ಮಾಡಬೇಕು? ಅರ್ಧ ಜನ ಸಾಹೇಬರು ಎಂದರು. ಉಳಿದರ್ಧ ಜನ ಮೇಷ್ಟ್ರು ಎಂದರು. ಹಾಗೆ ಅಂದವರೆಲ್ಲ ನನ್ನ ಕೈಯಲ್ಲಿ ಓದಿದವರು ಅಥವಾ ಅವರ ಅಪ್ಪಂದಿರು. ಅಧ್ಯಕ್ಷತೆ ವಹಿಸಿದ್ದ ವೈದ್ಯರು ಸಮಾಧಾನದ ಮನುಷ್ಯರು.

"ಇಬ್ಬರೂ ಅರ್ಧರ್ಧ ಮಾಡಿ. ಯಾರು ಮುಂಭಾಗ, ಯಾರು ಹಿಂಭಾಗ ಅನ್ನೋದು ನೀವೇ ಮಾತಾಡ್ಕೊಳ್ಳಿ. ಗಾಡಿ ಮೇಲೆ ತಂದು ಜೋಡಿಸೋಣ" ಎಂದು ಅಳತೆ ಬರೆದು ಕೊಟ್ಟರು.

ನಾವಿಬ್ಬರೂ ಒಟ್ಟಿಗೇ ನಡೆದುಕೊಂಡು ಬೀದಿಗೆ ಬಂದೆವು.

"ಮೇಷ್ಟ್ರೇ, ತಲೆ ನೀವೇ ಮಾಡಿ. ನೀವು ಓದಿದೋರು" ಎಂದರು ಸಾಹೇಬರು.

ನನಗೂ ಮಾನ ಮರ್ಯಾದೆ ಇದೆಯಲ್ಲ. "ಎಲ್ಲಾದರೂ ಉಂಟೇ ಸಾಹೇಬ್ರೇ? ತಲೆ ನಿಮ್ಮದೇ. ನಾನು ಹಿಂದುಗಡೆ ನೋಡ್ಕೋತೀನಿ" ಎಂದೆ.

"ಛೇ ಛೇ, ನೀವಿರುವಾಗ ನಾನೇ?"

"ಇಲ್ಲ ಇಲ್ಲ, ನೀವೇ."

"ಆಗಲಿ ಬಿಡಿ, ನೋಡೋಣ" ಎಂದು ಅವರು. "ಸರಿ ಬಿಡಿ, ನೋಡೋಣ" ಎಂದು ನಾನು. ಇಬ್ಬರೂ ಕೈ ಮುಗಿದು ಅವರವರ ಮನೆಗೆ ಹೋದೆವು.

ಮನೆಗೆ ಬಂದು ಕೂತು ಯೋಚಿಸಿದೆ. ಮೊದಲು ತಲೆ ನನಗೆ ಕೊಟ್ಟವರು ಅವರು. ಅಷ್ಟು ದೊಡ್ಡ ಮನುಷ್ಯರು ಬಾಯಿಬಿಟ್ಟು ಹೇಳಿದ ಮೇಲೆ ಬೇಡವೆನ್ನುವುದು ಅವರಿಗೆ ಮಾಡುವ ಅವಮಾನ. ಇಷ್ಟಕ್ಕೂ ಹತ್ತು ವರ್ಷ ಆ ಮನೆಯ ಎದುರು ಬದುಕಿ, ಕೊನೆಗೆ ಊರಿನವರೆಲ್ಲರ ಮುಂದೆ ನಾನು ಆನೆಯ ಬಾಲ ಮಾಡಿದವನು ಎನ್ನಿಸಿಕೊಳ್ಳಬೇಕೇ? ಹಿತ್ತಲಿನಲ್ಲಿ ಸುತ್ತ ಚಾಪೆ ಕಟ್ಟಿಕೊಂಡು ಕೆಲಸ ಶುರು ಮಾಡಿದೆ. ಎದುರುಮನೆ ಹಿತ್ತಲಿನಲ್ಲೂ ಚಾಪೆ ಕಟ್ಟಿದ್ದರು. ಪಾಪ, ಹಿಂಭಾಗ ಮಾಡುತ್ತಿರುವುದಕ್ಕೆ ನಾಚಿಕೆ ಇರಬೇಕು ಎಂದುಕೊಂಡೆ.

ಎಂಟು ದಿನ ದಬ್ಬೆ ಸೀಳಿ ಬೆರಳೆಲ್ಲ ಗಾಯ. ಆದರೆ ತಲೆ ಬಂದ ರೀತಿ! ಮೊರದಂಥ ಕಿವಿ, ಮೇಲಕ್ಕೆತ್ತಿದ ಸೊಂಡಿಲು, ಸುಣ್ಣದ ದಂತ. ನನ್ನ ಹೆಂಡತಿ ಮೊದಲ ಸಲ ಏನೂ ತಮಾಷೆ ಮಾಡದೆ, "ಆನೆ ಥರಾನೇ ಇದೆ ಕಣ್ರೀ" ಎಂದಳು.

ಮೆರವಣಿಗೆಯ ಬೆಳಿಗ್ಗೆ ಪೇಟೆಯ ಮುಂದೆ ಗಾಡಿ ತಂದು ನಿಲ್ಲಿಸಿದರು. ಜನವೋ ಜನ. ಸುತ್ತಿನ ಹಳ್ಳಿಗಳಿಂದೆಲ್ಲ ಬಂದಿದ್ದರು. ಕೋಟೆ ಬೀದಿಯ ಈ ಬದಿಯಿಂದ ಬಟ್ಟೆ ಮುಚ್ಚಿದ ನನ್ನ ಅರ್ಧ ಬಂತು. ಆ ಬದಿಯಿಂದ ಬಟ್ಟೆ ಮುಚ್ಚಿದ ಸಾಹೇಬರ ಅರ್ಧ ಬಂತು. ಮೇಲೆತ್ತಿ ಬೆನ್ನಿಗೆ ಬೆನ್ನು ಹೊಂದಿಸಿದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗಟ್ಟಿಯಾಗಿ ಹಗ್ಗ ಬಿಗಿದರು. ವೈದ್ಯರು ಜೈಕಾರ ಹಾಕಿಸಿ ಎರಡೂ ಬಟ್ಟೆಯನ್ನು ಒಟ್ಟಿಗೇ ಎಳೆದರು.

ಜೈಕಾರ ಅರ್ಧಕ್ಕೇ ನಿಂತಿತು.

ಆನೆಗೆ ಈ ಕಡೆ ಒಂದು ತಲೆ. ಆ ಕಡೆ ಒಂದು ತಲೆ. ನಾಲ್ಕು ಕಿವಿ, ನಾಲ್ಕು ದಂತ, ಎರಡು ಸೊಂಡಿಲು. ಬಾಲ ಎಲ್ಲೂ ಇಲ್ಲ.

ನಾನು ಸಾಹೇಬರನ್ನು ನೋಡಿದೆ. ಸಾಹೇಬರು ನನ್ನನ್ನು ನೋಡಿದರು. ಅಂಥ ಒಳ್ಳೆಯ ಮನುಷ್ಯರ ಮುಖ ಮೊದಲ ಸಲ ಕೆಂಪಗಾಗಿತ್ತು.

"ತಲೆ ನನಗೆ ಅಂತ ನೀವೇ ಹೇಳಿದ್ರಲ್ಲ ಸಾಹೇಬ್ರೇ?"

"ನೀವೂ ನನಗೆ ಅಂದ್ರಲ್ಲ ಮೇಷ್ಟ್ರೇ?"

"ನಾನು ಬಾಯಿಮಾತಿಗೆ ಅಂದೆ."

"ನಾನು ಮಾತ್ರ ಮನಸ್ಸಿಂದ ಅಂದಿದ್ನೇ?" ಎಂದರು ಸಾಹೇಬರು. ಆಮೇಲೆ ದನಿ ತಗ್ಗಿಸಿ, ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ ಹೇಳಿದರು: "ಹತ್ತು ವರ್ಷದಿಂದ ತಡ್ಕೊಂಡಿದ್ದೀನಿ ಮೇಷ್ಟ್ರೇ. ನೀವು ಬೀದೀಲಿ ಹೋದ್ರೆ ಮಕ್ಕಳೆಲ್ಲ ನಮಸ್ಕಾರ ಸಾರ್ ಅಂತ ಎದ್ದು ನಿಲ್ತಾರೆ. ನನ್ನ ಪರದೆ ಮೇಲೆದ್ರೆ ಎಲ್ಲಾ ಅದನ್ನ ಮರೆತು ಆಟ ನೋಡ್ತಾರೆ. ದಿನಾ ಕಿಟಕಿಯಿಂದ ನಿಮ್ಮ ಆ ಸರ್ಟಿಫಿಕೇಟು ನೋಡಿ ನೋಡಿ ನನ್ನ ಹೊಟ್ಟೆ ಎಷ್ಟು ಉರಿದಿದೆ, ನಿಮಗೆ ಗೊತ್ತಿಲ್ಲ!"

ಅದನ್ನು ಕೇಳಿ ನನಗಾದ ಆನಂದವನ್ನು ಹೇಳಲಾರೆ. ನನ್ನ ಮೇಲೂ ಒಬ್ಬರಿಗೆ ಹೊಟ್ಟೆಕಿಚ್ಚು! ಅದೂ ಪರದೆ ಸಾಹೇಬರಿಗೆ! ಎಲ್ಲರೆದುರಿಗೆ ಅವರನ್ನು ತಬ್ಬಿಕೊಂಡುಬಿಟ್ಟೆ. ಅವರೂ ತಬ್ಬಿಕೊಂಡರು. ಇಬ್ಬರ ಅಂಗಿಗೂ ಇಬ್ಬರ ಬಣ್ಣ ಮೆತ್ತಿಕೊಂಡಿತು.

ವೈದ್ಯರು ಮಾತ್ರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. "ತಬ್ಬಿಕೊಳ್ಳೋದು ಆಮೇಲೆ ಆಗಲಿ ಸ್ವಾಮಿ! ಈಗ ಇದನ್ನ ಏನು ಮಾಡೋದು? ಎತ್ತುಗಳನ್ನ ಯಾವ ಕಡೆ ಕಟ್ಟಿಸಲಿ? ಮುಂದೆ ಯಾವುದು, ಹಿಂದೆ ಯಾವುದು?"

ಆಗ ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ನಿಂತಿದ್ದ ಹಳ್ಳಿಯ ಮುದುಕರೊಬ್ಬರು ಆನೆಯ ಸುತ್ತ ಒಂದು ಸುತ್ತು ಬಂದರು. ಈ ತಲೆ ನೋಡಿದರು, ಆ ತಲೆ ನೋಡಿದರು, ನೋಡಿ ಮೀಸೆ ತಿರುವಿಕೊಂಡರು.

"ಅದ್ಕ್ಯಾಕಿಂಗೆ ಪೇಚಾಡ್ತೀರಿ, ಬುಡಿ ಅತ್ಲಾಗೆ!" ಎಂದರು. "ಸ್ವಾತಂತ್ರ ಬಂದದಲ್ಲ, ಇನ್ನೇನು? ಅದ್ಕೆ ಇಷ್ಟ ಬಂದ್ ಕಡೀಕೆ ಓಯ್ತದೆ."